ನಲವತ್ತೊಂದನೇ ಸಾಲು

ಪಾಂಡವಪುರ
೩ ಫೆಬ್ರವರಿ ೨೦೨೫

ಸ್ವಸ್ತಿಶ್ರೀ ಸಮಸ್ತ ಲ್ಯಾಬು ಭುವನಾಶ್ರಯ, ಮೂವತ್ತೆರಡು ಗಣಕಯಂತ್ರಗಳ ಏಕಚಕ್ರಾಧಿಪತಿ, ಯುಪಿಎಸ್ ಬ್ಯಾಟರಿಗಳಿಗೆ ತಿಂಗಳಿಗೊಮ್ಮೆ ಜಲಾಭಿಷೇಕ ಮಾಡುವ ಪುಣ್ಯಶಾಲಿ, ಮೌಸು ಕದಿಯುವವರ ಗಂಡ, ನಾಗಮಂಗಲ ಪುರವರಾಧೀಶ್ವರ, ನನ್ನ ತಾಯಿಯ ಒಬ್ಬನೇ ತಮ್ಮ, ಶ್ರೀ ಶ್ರೀ ರವೀಂದ್ರ ಮಾವನವರ ಪಾದಾರವಿಂದಗಳಿಗೆ ಜೆರಾಕ್ಸ್ ಅಂಗಡಿಯ ಮೂರುಕಾಲಿನ ಸ್ಟೂಲಿನ ಮೇಲೆ ಕುಳಿತ ಅಳಿಯ ಚೈತನ್ಯ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸ್ಟೂಲು ಅಲುಗಾಡುವುದರಿಂದ ಸಾಷ್ಟಾಂಗವನ್ನು ಮನಸ್ಸಿನಲ್ಲೇ ಮಾಡಿದ್ದೇನೆ.

ತಮ್ಮ ಕಾಗದ ತಲುಪಿತು. ನನ್ನ ಹೆಸರಿಗೆ ಕೈಬರಹದ ಕಾಗದ ಬಂದದ್ದು ಇದೇ ಮೊದಲು. ನಮ್ಮ ಓನರ್ ಧರ್ಮೇಂದ್ರಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, "ಕೋರ್ಟಿಂದ ಬಂದದೇನ್ಲಾ?" ಅಂದರು. ರಾಜರಹಸ್ಯ ಎಂದು ಹೇಳಿ ಕಿತ್ತುಕೊಂಡೆ.

ತಾವು ಬರೆದದ್ದನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಜೂನ್‌ನಿಂದ ತಮ್ಮ ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ಅಟೆಂಡರ್ ಎಂಬ ಹುದ್ದೆಯೇ ಇರುವುದಿಲ್ಲ. ಮಾರ್ಚ್ ಇಪ್ಪತ್ತೆರಡರಂದು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇಡುತ್ತಾರೆ. ಪಾಸಾದರೆ ಲ್ಯಾಬ್ ಇನ್‌ಸ್ಟ್ರಕ್ಟರ್, ಇಲ್ಲವಾದರೆ ಹಾಸ್ಟೆಲ್ ಗೇಟಿನ ಕಾವಲು. ಹತ್ತೊಂಬತ್ತು ವರ್ಷದಿಂದ ಮೇಷ್ಟ್ರು ಇಲ್ಲದಾಗಲೆಲ್ಲ ಮಕ್ಕಳಿಗೆ ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಟ್ಟವರು ಈಗ ತಾವೇ ಗುಂಡಿ ಒತ್ತಿ ತೋರಿಸಬೇಕು. ಈ ವಿಷಯ ತಮ್ಮ ಮಗಳು ಮಾನಸಳಿಗೆ ಗೊತ್ತಾಗಬಾರದು. ಮನೆಯ ಒಂದೇ ಫೋನು ಅವಳ ಕೈಯಲ್ಲಿರುವುದರಿಂದ ಸಕಲ ವ್ಯವಹಾರವೂ ಅಂಚೆಯ ಮೂಲಕ. ಅಪ್ಪಣೆ.

ತಮ್ಮ ತೊಂಬತ್ತು ಸಾಲಿನ ಪ್ರೋಗ್ರಾಮನ್ನೂ ನೋಡಿದೆ. ಹೆಸರು ಸೇರಿಸುವುದು, ಅಳಿಸುವುದು, ಪಟ್ಟಿ ತೋರಿಸುವುದು. ಅಕ್ಷರ ಮುತ್ತಿನಂತಿದೆ. ಓಡುತ್ತದೆ, ಆದರೂ ಒಮ್ಮೆ ಕಣ್ಣಾಡಿಸು ಎಂದಿದ್ದೀರಿ. ಆಡಿಸಿದೆ. ಈಗ ಉಪದೇಶ.

ಕಂಪ್ಯೂಟರಿನ ಮೆಮೊರಿ ಎಂದರೆ ಒಂದು ಮದುವೆ ಛತ್ರ. ನೂರಾರು ಕೋಣೆ, ಪ್ರತಿ ಕೋಣೆಗೂ ನಂಬರು. ಪಟ್ಟಿಯ ಒಂದೊಂದು ಹೆಸರೂ ಒಂದೊಂದು ಕೋಣೆಯಲ್ಲಿ ಇಳಿದುಕೊಂಡ ನೆಂಟ. ನೆಂಟರೆಲ್ಲ ಅಕ್ಕಪಕ್ಕದ ಕೋಣೆಗಳಲ್ಲಿ ಇರುವುದಿಲ್ಲ. ಆದ್ದರಿಂದ ಪ್ರತಿಯೊಬ್ಬನ ಗೋಡೆಯ ಮೇಲೂ ಒಂದು ಚೀಟಿ: ನನ್ನ ನಂತರದವನು ಇಂಥ ನಂಬರಿನ ಕೋಣೆಯಲ್ಲಿದ್ದಾನೆ. ಪಾಯಿಂಟರ್ ಎಂದು ಮೇಷ್ಟ್ರುಗಳು ಹೆದರಿಸುವುದು ಈ ಚೀಟಿಗೇ. ಅದು ನೆಂಟನಲ್ಲ, ನೆಂಟನಿರುವ ಕೋಣೆಯ ನಂಬರು, ಅಷ್ಟೇ.

ಇನ್ನು ತಮ್ಮ ಅಪರಾಧ. ಒಬ್ಬನನ್ನು ಪಟ್ಟಿಯಿಂದ ಅಳಿಸಿದಾಗ ಅವನ ಕೋಣೆಯ ಕೀಯನ್ನು ಛತ್ರಕ್ಕೆ ವಾಪಸು ಕೊಡಬೇಕು. ಅದಕ್ಕೆ 'ಫ್ರೀ' ಎಂಬ ಒಂದು ಸಾಲಿದೆ. ತಾವು ಆ ಸಾಲನ್ನೇ ಬರೆದಿಲ್ಲ. ಹತ್ತೊಂಬತ್ತು ವರ್ಷ ಕೀಗೊಂಚಲನ್ನು ಸೊಂಟದಲ್ಲಿ ಧರಿಸಿದ ಮಹಾನುಭಾವರಿಂದ ಇಂಥ ಅಪಚಾರವೇ? ಆದ್ದರಿಂದ ಜೆರಾಕ್ಸ್ ಸಿಂಹಾಸನದಿಂದ ಹೊರಡುತ್ತಿರುವ ರಾಜಾಜ್ಞೆ: ಯಾರನ್ನೇ ಅಳಿಸಲಿ, ಮಿಕ್ಕೆಲ್ಲ ಕೆಲಸಕ್ಕಿಂತ ಮೊದಲು ಕೀ ಒಪ್ಪಿಸತಕ್ಕದ್ದು.

ಆಜ್ಞಾಧಾರಕ ಅಳಿಯ,
ಚೈತನ್ಯ


ನಾಗಮಂಗಲ
೮ ಫೆಬ್ರವರಿ ೨೦೨೫

ಚಿ. ಚೈತನ್ಯನಿಗೆ ಆಶೀರ್ವಾದಗಳು.

ನಾವು ಕ್ಷೇಮ. ಅಕ್ಕ ಭಾವನ ಆರೋಗ್ಯದ ಬಗ್ಗೆ ಬರೆ.

ನಿನ್ನ ಛತ್ರದ ವಿವರಣೆ ತುಂಬ ಉಪಕಾರವಾಯಿತು. ಮೇಷ್ಟ್ರು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಎಷ್ಟು ವರ್ಷ ಹೇಳಿದ್ದರೂ ನನಗೆ ಹೊಳೆದಿರಲಿಲ್ಲ. ಈ ವರ್ಷ ಸೇರಿರುವ ರಂಜಿತ ಎಂಬ ಹುಡುಗಿಗೂ ಅದನ್ನೇ ಹೇಳಿಕೊಟ್ಟೆ. ಅವಳು ಕೆ.ಆರ್. ಪೇಟೆ ಕಡೆಯವಳು. ಕಾಲೇಜಿಗೆ ಬರುವ ಮೊದಲು ಕಂಪ್ಯೂಟರ್ ಮುಟ್ಟಿದವಳಲ್ಲ. ಪ್ರೋಗ್ರಾಮು ನಿಂತುಹೋದಾಗಲೆಲ್ಲ ತಾನೇ ಏನೋ ಒಡೆದುಹಾಕಿದೆ ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಮೊನ್ನೆ ಚೀಟಿಯ ಕಥೆ ಕೇಳಿ ಮೊದಲ ಸಲ ನಕ್ಕಳು.

ನೀನು ಹೇಳಿದಂತೆ ಫ್ರೀ ಎಂಬುದನ್ನು ಸೇರಿಸಿದ್ದೇನೆ. ಅದೀಗ ನಲವತ್ತೊಂದನೇ ಸಾಲು. ಕೀ ಒಪ್ಪಿಸುವುದೇ ಮೊದಲ ಕೆಲಸ ಎಂದೆಯಲ್ಲ, ಅದು ನನಗೆ ಅಭ್ಯಾಸವೇ. ಸಂಜೆ ಲ್ಯಾಬು ಬೀಗ ಹಾಕಿದ ಮೇಲೆ ಕೈಕೂಡ ತೊಳೆಯದೆ ಮೊದಲು ಆಫೀಸಿಗೆ ಹೋಗಿ ಕೀ ಕೊಟ್ಟು ಬರುವವನು ನಾನು. ಕೀ ಒಪ್ಪಿಸಿದ ಮೇಲೆ ನಲವತ್ತೆರಡನೇ ಸಾಲಿನಲ್ಲಿ ಅವನ ಗೋಡೆಯ ಚೀಟಿಯನ್ನು ತೆಗೆದು ಹಿಂದಿನವನ ಗೋಡೆಗೆ ಹಚ್ಚಿದ್ದೇನೆ.

ಆದರೆ ಅದಾದ ಮೇಲೆ ಒಂದು ತೊಂದರೆ ಶುರುವಾಗಿದೆ. ಮೂರು ಹೆಸರು ಕೊಟ್ಟು ಒಂದನ್ನು ಅಳಿಸಿದರೆ ಸರಿಯಾಗಿ ಬರುತ್ತದೆ. ಎಂಟು ಹತ್ತು ಕೊಟ್ಟರೆ ಒಮ್ಮೆ ಸರಿ, ಒಮ್ಮೆ ಹೆಸರಿನ ಬದಲು ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು. ಒಮ್ಮೊಮ್ಮೆ ಕಂಪ್ಯೂಟರೇ ನಿಂತುಬಿಡುತ್ತದೆ. ನಾನೇನೂ ಬದಲಾಯಿಸದೆ ಮತ್ತೆ ಓಡಿಸಿದರೆ ಮತ್ತೆ ಸರಿ. ಒಂದೇ ರೀತಿ ತಪ್ಪಾಗಿದ್ದರೆ ಹುಡುಕಬಹುದಿತ್ತು.

ಹೊಸ ಪ್ರತಿಯನ್ನು ಬರೆದು ಇಟ್ಟಿದ್ದೇನೆ. ದಯವಿಟ್ಟು ನಿನ್ನ ಕಂಪ್ಯೂಟರಿನಲ್ಲಿ ಇದನ್ನು ಓಡಿಸಿ ನೋಡಿ ತಿಳಿಸು. ನಮ್ಮ ಮೇಷ್ಟ್ರುಗಳನ್ನು ಕೇಳುವಂತಿಲ್ಲ. ಪರೀಕ್ಷೆ ಇಡುವವರು ಅವರೇ.

ಇನ್ನೊಂದು ಮಾತು, ನಿನಗೆ ಮಾತ್ರ. ಮಾನಸ ಈ ಜೂನ್‌ಗೆ ನಮ್ಮ ಕಾಲೇಜಿಗೇ ಸೇರುತ್ತಾಳೆ. ನಮ್ಮಪ್ಪ ಅಲ್ಲಿ ಲ್ಯಾಬ್ ಸಾರು ಎಂದು ಗೆಳತಿಯರಿಗೆಲ್ಲ ಹೇಳಿಕೊಂಡಿದ್ದಾಳೆ. ಮಕ್ಕಳು ನನ್ನನ್ನು ಹಾಗೆ ಕರೆಯುವುದು ನಿಜ, ಆದ್ದರಿಂದ ನಾನು ತಿದ್ದಲಿಲ್ಲ. ಅವಳು ಒಳಗೆ ಬರುವ ದಿನ ನಾನು ಗೇಟಿನಲ್ಲಿ ರಿಜಿಸ್ಟರು ಹಿಡಿದು ಕೂತಿರಬಾರದು. ಅಷ್ಟೇ ನನ್ನ ಆಸೆ.

ಇತಿ ನಿನ್ನ ಮಾವ,
ರವೀಂದ್ರ


ಪಾಂಡವಪುರ
೧೩ ಫೆಬ್ರವರಿ ೨೦೨೫

ಘನತೆವೆತ್ತ ಮಾವನವರ ಸನ್ನಿಧಾನಕ್ಕೆ,

ಪಾಂಡವಪುರ ಜೆರಾಕ್ಸ್ ಅಂಗಡಿಯ ಉಚ್ಚ ನ್ಯಾಯಪೀಠವು ತಮ್ಮ ಅರ್ಜಿಯನ್ನು ಸ್ವೀಕರಿಸಿ, ಮಧ್ಯಾಹ್ನ ಕರೆಂಟು ಹೋಗಿದ್ದ ವೇಳೆಯಲ್ಲಿ ದೀರ್ಘವಾಗಿ ಆಲೋಚಿಸಿ, ಕರೆಂಟು ಬಂದ ಮೇಲೆ ಈ ಕೆಳಕಂಡ ತೀರ್ಪನ್ನು ನೀಡಿದೆ.

ಆರೋಪಿ ನಂಬರು ಒಂದು, ಪ್ರೋಗ್ರಾಮು. ತೊಂಬತ್ತೊಂದು ಸಾಲು, ವಿನಯಶೀಲ, ಒಳ್ಳೆಯ ಮನೆತನ. ಇದನ್ನು ಇಲ್ಲಿ ಓಡಿಸಲಾಯಿತು. ಹತ್ತು ಹೆಸರು ಕೊಟ್ಟು ಮನಸ್ಸಿಗೆ ಬಂದವರನ್ನೆಲ್ಲ ಅಳಿಸಲಾಯಿತು. ಯಾವ ಚೌಕವೂ ಕಾಣಿಸಲಿಲ್ಲ. ನಿರಪರಾಧಿ.

ಆರೋಪಿ ನಂಬರು ಎರಡು, ತಮ್ಮ ಲ್ಯಾಬಿನ ಯಂತ್ರ. ವಯಸ್ಸು ತಿಳಿಯದು, ಮಾನಸಳ ವಾರಿಗೆಯದಿರಬಹುದು. ಒಮ್ಮೆ ಸರಿ ಒಮ್ಮೆ ತಪ್ಪು ಎಂದು ನಡೆದುಕೊಳ್ಳುವುದು ಮುದಿ ಯಂತ್ರಗಳ ಲಕ್ಷಣ. ನಮ್ಮ ಅಂಗಡಿಯ ಜೆರಾಕ್ಸ್ ಮಿಷಿನ್ನೂ ಆಧಾರ್ ಕಾರ್ಡಿನಲ್ಲಿರುವವರ ಮುಖಕ್ಕೆ ದಿನಕ್ಕೊಂದು ಮೀಸೆ ಬಳಿಯುತ್ತದೆ. ಅಪರಾಧಿ.

ತೀರ್ಪಿಗೆ ಸಾಕ್ಷಿಯಾಗಿ ಅಂಗಡಿಯ ಮೊಹರು ಒತ್ತಿದ್ದೇನೆ. 'ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ' ಎಂದು ಅದರಲ್ಲಿದೆ. ನಮ್ಮಲ್ಲಿರುವುದು ಅದೊಂದೇ ಮೊಹರು.

ಇತಿ ನ್ಯಾಯಾಧೀಶ,
ಚೈತನ್ಯ


ನಾಗಮಂಗಲ
೨೦ ಫೆಬ್ರವರಿ ೨೦೨೫

ಚಿ. ಚೈತನ್ಯನಿಗೆ ಆಶೀರ್ವಾದಗಳು.

ನಿನ್ನ ತೀರ್ಪು ಬಂದ ದಿನವೇ ನಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ. ನಾನು ಓಡಿಸುತ್ತಿದ್ದ ಹದಿನಾಲ್ಕನೇ ಯಂತ್ರದ ಮೆಮೊರಿ ಕೆಟ್ಟಿದೆ ಎಂದು ಬರವಣಿಗೆಯಲ್ಲಿ ಕೊಟ್ಟೆ. ಹತ್ತೊಂಬತ್ತು ವರ್ಷದಲ್ಲಿ ನಾನು ಯಾವ ಯಂತ್ರದ ಮೇಲೂ ದೂರು ಬರೆದವನಲ್ಲ. ಅವರು ಆಶ್ಚರ್ಯಪಟ್ಟು ಕಾರಣ ಕೇಳಿದರು. ನನ್ನ ಅಕ್ಕನ ಮಗ ಬಿ.ಸಿ.ಎ. ಮಾಡಿದ್ದಾನೆ, ಅವನೇ ಪರೀಕ್ಷಿಸಿ ಹೇಳಿದ್ದಾನೆ ಎಂದೆ. ಮಂಡ್ಯದಿಂದ ರಿಪೇರಿ ಹುಡುಗನನ್ನು ಕರೆಸಿ ಮೆಮೊರಿ ಬದಲಾಯಿಸಿದರು.

ಬದಲಾಯಿಸಿದ ಮೇಲೂ ಹಾಗೇ ಇದೆ. ಹದಿನೈದರಲ್ಲಿ ಓಡಿಸಿದೆ, ಹಾಗೇ. ಇಪ್ಪತ್ತರಲ್ಲಿ ಮಾತ್ರ ಒಂದಿಡೀ ಮಧ್ಯಾಹ್ನ ಸರಿಯಾಗಿ ಓಡಿ, ಮಾರನೆಯ ದಿನ ನಿಂತಿತು. ಮುಖ್ಯಸ್ಥರು ಈಗ ನನ್ನನ್ನು ನೋಡಿದರೆ "ಏನ್ ರವೀಂದ್ರ, ಇವತ್ತು ಯಾವ ಮಿಷಿನ್ ಕೆಟ್ಟದೆ?" ಎನ್ನುತ್ತಾರೆ. ತಮಾಷೆಗೆ ಇರಬೇಕು.

ರಂಜಿತಳೂ ನನ್ನದನ್ನೇ ನೋಡಿ ಬರೆದುಕೊಂಡಿದ್ದಾಳೆ. ಅವಳದೂ ನಿಲ್ಲುತ್ತದೆ. ಮಿಷಿನ್ ಸರಿಯಿಲ್ಲ ಕಣಮ್ಮ ಎಂದು ಹೇಳಿದೆ. "ಎಲ್ಲಾ ಮಿಷಿನ್ನೂ ಒಟ್ಟಿಗೇ ಕೆಟ್ಟೋಯ್ತವಾ ಸಾರ್?" ಅಂದಳು.

ನಿನಗೆ ಕೆಲಸ ಜಾಸ್ತಿ ಎಂದು ಗೊತ್ತು. ಆದರೂ ಇನ್ನೊಮ್ಮೆ ಓಡಿಸಿ ನೋಡುತ್ತೀಯಾ? ಅದರಲ್ಲೂ ನಲವತ್ತರಿಂದ ಐವತ್ತರವರೆಗಿನ ಸಾಲುಗಳನ್ನು.

ಇತಿ ನಿನ್ನ ಮಾವ,
ರವೀಂದ್ರ


ಪಾಂಡವಪುರ
೨೬ ಫೆಬ್ರವರಿ ೨೦೨೫

ಪರಮಪೂಜ್ಯ ಮಾವನವರಿಗೆ,

ನ್ಯಾಯಪೀಠದ ತೀರ್ಪನ್ನು ಪ್ರಶ್ನಿಸಿರುವ ಕುಮಾರಿ ರಂಜಿತಳಿಗೆ ನ್ಯಾಯಾಂಗ ನಿಂದನೆಯ ನೋಟಿಸು ಕೊಡಬೇಕೆಂದಿದ್ದೆ. ಮೊದಲ ವರ್ಷದವಳು ಎಂದು ಕ್ಷಮಿಸಿದ್ದೇನೆ. ಕಂಪ್ಯೂಟರ್ ಮುಟ್ಟಿ ಒಂದು ವರ್ಷವಾಗದವಳು ಮೂವತ್ತೆರಡು ಯಂತ್ರಗಳ ಜಾತಕ ಹೇಳಲು ಹೊರಟರೆ ನಾವು ಕಲಿತವರು ಎಲ್ಲಿಗೆ ಹೋಗಬೇಕು?

ತಮ್ಮ ಅಪ್ಪಣೆಯಂತೆ ಮತ್ತೆ ಓಡಿಸಿದೆ. ಒಂದಲ್ಲ, ಎಂಟು ಸಲ. ನಲವತ್ತರಿಂದ ಐವತ್ತರವರೆಗಿನ ಸಾಲುಗಳು ಹೊಳೆಯಲ್ಲಿ ಈಜುವ ಮೀನಿನಂತೆ ಓಡುತ್ತವೆ. ತಮ್ಮ ಲ್ಯಾಬಿನ ಯಂತ್ರಗಳನ್ನೆಲ್ಲ ಒಂದೇ ದಿನ ಒಂದೇ ಕಡೆ ಕೊಂಡಿದ್ದರೆ ಒಟ್ಟಿಗೇ ಕೆಡುವುದರಲ್ಲಿ ಆಶ್ಚರ್ಯವಿಲ್ಲ.

ಆದರೂ ಪರೀಕ್ಷೆಯ ದಿನಕ್ಕೊಂದು ಉಪಾಯ ಹೇಳುತ್ತೇನೆ. ಮೂರೇ ಹೆಸರು ಕೊಟ್ಟು ತೋರಿಸಿಬಿಡಿ. ಮೂರಕ್ಕೆ ಅದು ಯಾವತ್ತೂ ಕೈಕೊಟ್ಟಿಲ್ಲ ಎಂದು ತಾವೇ ಬರೆದಿದ್ದೀರಿ. ಯಾರಾದರೂ ಕೇಳಿದರೆ ಚಿಕ್ಕ ಸಂಸಾರ ಸುಖೀ ಸಂಸಾರ ಎನ್ನಿ.

ಇದರೊಂದಿಗೆ ಒಂದು ಪ್ರಶಸ್ತಿ ಪತ್ರ ಲಗತ್ತಿಸಿದ್ದೇನೆ. ಇಂದಿನಿಂದ ತಾವು 'ಪಾಯಿಂಟರ್ ಭೂಷಣ'. ಕಲರ್ ಪ್ರಿಂಟು, ದಪ್ಪ ಕಾಗದ. ಧರ್ಮೇಂದ್ರಣ್ಣನಿಗೆ ಗೊತ್ತಿಲ್ಲ.

ತಮ್ಮ ಅಳಿಯ,
ಚೈತನ್ಯ


ನಾಗಮಂಗಲ
೧೫ ಮಾರ್ಚ್ ೨೦೨೫

ಚಿ. ಚೈತನ್ಯನಿಗೆ ಆಶೀರ್ವಾದಗಳು.

ನೀನು ಎಂಟು ಸಲ ಓಡಿಸಿದೆ ಎಂದು ಓದಿದ ಮೇಲೆ ಮನಸ್ಸು ಹಗುರಾಯಿತು. ಇನ್ನು ಆ ಸಾಲುಗಳ ಕಡೆ ತಲೆ ಹಾಕುವುದಿಲ್ಲ. ತೊಂಬತ್ತೊಂದು ಸಾಲೂ ಬಾಯಿಪಾಠವಾಗಿದೆ. ಬಸ್ಸಿನಲ್ಲಿ ಕಣ್ಣುಮುಚ್ಚಿ ಹೇಳಿಕೊಳ್ಳುತ್ತೇನೆ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ಯಾವ ದೇವರ ಸ್ತೋತ್ರ ಕಣಪ್ಪ ಎಂದು ಕೇಳಿದರು.

ಪ್ರಶಸ್ತಿ ಪತ್ರವನ್ನು ಲ್ಯಾಬಿನ ಬೀರುವಿನ ಒಳಗಡೆ ಬಾಗಿಲಿಗೆ ಅಂಟಿಸಿದ್ದೇನೆ. ಬೀರು ತೆಗೆದಾಗ ನನಗೊಬ್ಬನಿಗೇ ಕಾಣುತ್ತದೆ.

ಇತಿ ನಿನ್ನ ಮಾವ,
ರವೀಂದ್ರ


ಪಾಂಡವಪುರ
೨೫ ಮಾರ್ಚ್ ೨೦೨೫

ಶ್ರೀಮನ್ಮಹಾ ಲ್ಯಾಬ್ ಇನ್‌ಸ್ಟ್ರಕ್ಟರ್ ಮಾವನವರಿಗೆ,

ಪರೀಕ್ಷೆ ಮುಗಿದು ಮೂರು ದಿನವಾಯಿತು. ವಿಜಯವಾರ್ತೆ ಇನ್ನೂ ಈ ಸಿಂಹಾಸನವನ್ನು ಮುಟ್ಟಿಲ್ಲ. ಅಂಚೆಯವರು ನನ್ನನ್ನು ನೋಡಿ ತಾವಾಗಿಯೇ ಇಲ್ಲವೆಂದು ತಲೆಯಾಡಿಸುತ್ತಾರೆ. ಕೂಡಲೇ ಬರೆಯುವುದು.

ಚೈತನ್ಯ


ಪಾಂಡವಪುರ
೨ ಏಪ್ರಿಲ್ ೨೦೨೫

ಮಾವ,

ನಿನ್ನೆ ಅಮ್ಮ ಮಾನಸಳಿಗೆ ಫೋನು ಮಾಡಿದ್ದರು. ಅಪ್ಪ ಚೆನ್ನಾಗವ್ರೆ ಎಂದಳಂತೆ. ನಾನು ಪಕ್ಕದಲ್ಲೇ ಇದ್ದೆ. ಪರೀಕ್ಷೆಯ ವಿಷಯ ಕೇಳುವಂತಿರಲಿಲ್ಲ.

ಎರಡು ಸಾಲು ಬರೆಯಿರಿ.

ಚೈತನ್ಯ


ನಾಗಮಂಗಲ
೭ ಏಪ್ರಿಲ್ ೨೦೨೫

ಚಿ. ಚೈತನ್ಯನಿಗೆ ಆಶೀರ್ವಾದಗಳು.

ಕಾಗದ ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಪರೀಕ್ಷೆಯಲ್ಲಿ ಆಗಲಿಲ್ಲ. ಜೂನ್‌ವರೆಗೂ ಕಾಯದೆ ಈ ತಿಂಗಳ ಒಂದನೇ ತಾರೀಖಿನಿಂದಲೇ ನನ್ನನ್ನು ಹಾಸ್ಟೆಲ್ ಗೇಟಿಗೆ ಹಾಕಿದ್ದಾರೆ.

ಹೇಗಾಯಿತೆಂದು ನಿನಗೆ ತಿಳಿಸಬೇಕು. ಪರೀಕ್ಷೆಗೆ ಹೊರಗಿನಿಂದ ಒಬ್ಬರು ಬಂದಿದ್ದರು, ಒಳ್ಳೆಯ ಮನುಷ್ಯ. ಪ್ರೋಗ್ರಾಮು ಬರೆದು ಮುಗಿಸಿ ಮೂರು ಹೆಸರು ಕೊಟ್ಟು ತೋರಿಸಿದೆ. ಅವರು ನಕ್ಕು, ತಾವೇ ಹತ್ತು ಹೆಸರು ಕೊಟ್ಟು ನಾಲ್ಕನೆಯದನ್ನು ಅಳಿಸಿ ಎಂದರು. ಅಳಿಸಿದೆ. ನಿಂತಿತು. ಮಿಷಿನ್ ಸರಿಯಿಲ್ಲ ಸಾರ್ ಎಂದೆ. ಬೇರೆಯದಕ್ಕೆ ಹೋಗಲು ಬಿಟ್ಟರು. ಅಲ್ಲಿಯೂ ನಿಂತಿತು. ಮೂರನೆಯದಕ್ಕೂ ಬಿಟ್ಟರು. ಆಮೇಲೆ ನನ್ನ ಹತ್ತಿರ ಬಗ್ಗಿ ಬೇರೆ ಯಾರಿಗೂ ಕೇಳದ ಹಾಗೆ, "ಮಿಷಿನ್ ಚೆನ್ನಾಗದೆ ಕಣ್ರೀ, ನಿಮ್ಮ ಸಾಲುಗಳನ್ನ ಒಂದು ಸಲ ನೋಡಿ" ಅಂದರು. ಹತ್ತು ನಿಮಿಷ ಹೆಚ್ಚಿಗೆ ಕೊಟ್ಟರು.

ಎಲ್ಲ ಸಾಲನ್ನೂ ನೋಡಿದೆ. ನಲವತ್ತರಿಂದ ಐವತ್ತನ್ನು ಮಾತ್ರ ನೋಡಲಿಲ್ಲ. ನಿನ್ನ ಕಡೆ ಎಂಟು ಸಲ ಓಡಿದ ಸಾಲುಗಳು, ಅವನ್ನು ನೋಡಿ ಸಮಯ ಕಳೆಯುವುದೇಕೆ ಅಂದುಕೊಂಡೆ.

ಒಂದನೇ ತಾರೀಖು ಕೀಗೊಂಚಲನ್ನು ಆಫೀಸಿನಲ್ಲಿ ಒಪ್ಪಿಸಿ ರಿಜಿಸ್ಟರಿಗೆ ಸಹಿ ಹಾಕಿದೆ. ಗೇಟಿಗೆ ಹೋಗಿ ಕೂತ ಮೇಲೆ ಕನ್ನಡಕ ಲ್ಯಾಬಿನಲ್ಲೇ ಉಳಿದಿರುವುದು ನೆನಪಾಯಿತು. ವಾಪಸು ಹೋಗಿ ಗುಮಾಸ್ತರನ್ನು ಕೀ ಕೇಳಿದೆ. ಕೊಡಲಿಲ್ಲ. "ಬರ್ದು ಒಪ್ಪಿಸ್ಬುಟ್ಟಿದ್ದೀರಲ್ಲ ರವಿಯಣ್ಣ, ಈಗ ಅದು ನಿಮ್ ರೂಮಲ್ಲ" ಅಂದರು. ಅವರ ತಪ್ಪಿಲ್ಲ, ನಿಯಮ. ನಾನು ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ನಿಂತೆ. ಅಲ್ಲಿ ಗೊತ್ತಾಯಿತು, ಚೈತನ್ಯ.

ಕೀ ಮೊದಲು ಒಪ್ಪಿಸಿಬಿಟ್ಟಿದ್ದೆ. ಒಪ್ಪಿಸಿದ ಮೇಲೆ ಅದೇ ಕೋಣೆಯ ಗೋಡೆಯಿಂದ ಚೀಟಿ ತರಲು ಹೋಗಿದ್ದೆ. ಕೋಣೆಯನ್ನು ಇನ್ನೂ ಯಾರಿಗೂ ಕೊಟ್ಟಿರದಿದ್ದರೆ ಚೀಟಿ ಹಾಗೇ ಇರುತ್ತದೆ, ಓಡುತ್ತದೆ. ಬೇರೆಯವರು ಬಂದು ಗೋಡೆಯ ಮೇಲೆ ಇನ್ನೇನೋ ಬರೆದಿದ್ದರೆ ಚೌಕಗಳು ಬರುತ್ತವೆ. ಮೊದಲು ಚೀಟಿ ತೆಗೆದುಕೊಂಡು ಆಮೇಲೆ ಕೀ ಕೊಡಬೇಕಿತ್ತು. ನಲವತ್ತೊಂದನ್ನು ನಲವತ್ತೆರಡಕ್ಕೆ ಇಳಿಸಿದ್ದರೆ ಸಾಕಿತ್ತು.

ಈಗ ಓಡಿಸಿ ನೋಡಲು ನನ್ನ ಹತ್ತಿರ ಕಂಪ್ಯೂಟರಿಲ್ಲ. ಸಂಜೆ ರಂಜಿತ ಹಾಸ್ಟೆಲಿಗೆ ಬಂದಾಗ ರಿಜಿಸ್ಟರಿನ ಹಿಂದೆ ಬರೆದು ತೋರಿಸಿದೆ. ಮಾರನೆಯ ದಿನ ಲ್ಯಾಬು ಮುಗಿಸಿ ಬಂದವಳು ಗೇಟಿನಲ್ಲಿ ಸಹಿ ಹಾಕುತ್ತ, "ಇಪ್ಪತ್ತು ಹೆಸರು ಕೊಟ್ಟೆ ಸಾರ್, ಎಲ್ಲಾ ಓಡ್ತು" ಅಂದಳು. ಆ ಮಗು ಪಾಸಾಗುತ್ತಾಳೆ.

ಮತ್ತೆ ಪರೀಕ್ಷೆ ಇಡುತ್ತೀರಾ ಎಂದು ಮುಖ್ಯಸ್ಥರನ್ನು ಕೇಳಿದೆ. ಹುದ್ದೆಗೆ ಬೇರೆಯವರನ್ನು ತೆಗೆದುಕೊಂಡಾಗಿದೆಯಂತೆ. ಮಿಷಿನ್ ಕೆಟ್ಟಿದೆ ಎಂದು ನಾನು ಬರೆದುಕೊಟ್ಟ ಕಾಗದ ಅವರ ಮೇಜಿನ ಮೇಲೇ ಇತ್ತು.

ಮಾನಸಳಿಗೆ ನಾನೇ ಹೇಳಿದೆ. ಬೇರೆ ಕಾಲೇಜಿನ ಅರ್ಜಿಯನ್ನು ಎಲ್ಲಿಂದಲೋ ತಂದು ತುಂಬುತ್ತಿದ್ದಾಳೆ. ಯಾಕೆಂದು ನಾನು ಕೇಳಿಲ್ಲ.

ನಿನ್ನ ಮೇಲೆ ನನಗೆ ಯಾವ ಬೇಸರವೂ ಇಲ್ಲ. ನಿನ್ನ ಕೆಲಸದ ನಡುವೆ ಇಷ್ಟು ಹೇಳಿಕೊಟ್ಟೆ. ಒಂದು ಸಂಶಯ ಮಾತ್ರ ಉಳಿದಿದೆ. ತಪ್ಪು ಹುಡುಕಲು ಅಲ್ಲ, ಕಲಿಯಲು ಕೇಳುತ್ತಿದ್ದೇನೆ. ಇಲ್ಲಿ ಎಲ್ಲ ಯಂತ್ರದಲ್ಲೂ ಒಂದಲ್ಲ ಒಂದು ಸಲ ನಿಂತದ್ದು ನಿನ್ನ ಯಂತ್ರದಲ್ಲಿ ಎಂಟಕ್ಕೆ ಎಂಟು ಸಲ ಓಡಿದ್ದು ಹೇಗೆ?

ಇತಿ ನಿನ್ನ ಮಾವ,
ರವೀಂದ್ರ


ಪಾಂಡವಪುರ
೧೪ ಏಪ್ರಿಲ್ ೨೦೨೫

ಮಾವನಿಗೆ,

ತಲೆಬರಹವನ್ನು ನಾಲ್ಕು ಸಲ ಬರೆದು ಹರಿದೆ. ಯಾವ ಬಿರುದೂ ಕೂರಲಿಲ್ಲ.

ನೀವು ಕಂಡುಹಿಡಿದದ್ದು ಸರಿ. ಅದರಲ್ಲಿ ನಾನು ಸೇರಿಸುವಂಥದ್ದು ಏನೂ ಇಲ್ಲ. ಮೇಷ್ಟ್ರುಗಳು ಒಂದು ಗಂಟೆ ಹೇಳುವುದನ್ನು ನೀವು ಒಂದು ಬಾಗಿಲ ಮುಂದೆ ನಿಂತು ಅರ್ಥ ಮಾಡಿಕೊಂಡಿದ್ದೀರಿ. ನೀವು ಮೊದಲು ಕಳಿಸಿದ ಪ್ರೋಗ್ರಾಮು, ಕೀ ಒಪ್ಪಿಸದೇ ಇದ್ದದ್ದು, ಅದು ಹತ್ತಲ್ಲ, ನೂರು ಹೆಸರು ಕೊಟ್ಟಿದ್ದರೂ ನಿಲ್ಲುತ್ತಿರಲಿಲ್ಲ. ಒಂದೆರಡು ಅಂಕ ಹೋಗುತ್ತಿತ್ತು. ಎಲ್ಲಕ್ಕಿಂತ ಮೊದಲು ಕೀ ಒಪ್ಪಿಸತಕ್ಕದ್ದು ಎಂದು ನಾನು ಬರೆದದ್ದು ರಾಜಾಜ್ಞೆಯ ಧಾಟಿ ಚೆನ್ನಾಗಿ ಕೇಳುತ್ತದೆ ಎಂದು. 'ಮೊದಲು' ಎನ್ನುವುದಕ್ಕೆ ಬೇರೆ ಅರ್ಥವಿರಲಿಲ್ಲ. ನೀವು ಅದನ್ನು ಹಾಗೇ ಪಾಲಿಸುತ್ತೀರಿ ಎಂದು ನನಗೆ ಹೊಳೆಯಲಿಲ್ಲ.

ಶನಿವಾರ ಧರ್ಮೇಂದ್ರಣ್ಣನ ಹತ್ತಿರ ರಜ ಕೇಳಿ ನಾಗಮಂಗಲಕ್ಕೆ ಬಂದಿದ್ದೆ. ನಿಮ್ಮ ಮುಖ್ಯಸ್ಥರನ್ನು ಕಂಡು ತಪ್ಪು ನನ್ನದು ಎಂದು ಹೇಳಬೇಕೆಂದಿದ್ದೆ. ಬೆಳ್ಳೂರು ಬಸ್ಸು ನಿಮ್ಮ ಗೇಟಿನ ಮುಂದೆ ನಿಂತಿತು. ನೀವು ಕಾಣುತ್ತಿದ್ದಿರಿ. ಹಾಸ್ಟೆಲಿನಲ್ಲಿರುವ ಮಗಳನ್ನು ನೋಡಲು ಬಂದ ಯಾರೋ ತಂದೆ ತಾಯಿಯ ಹೆಸರನ್ನು, ಅವರಿಗೆ ಬರೆಯಲು ಬರುವುದಿಲ್ಲವೆಂದು ಕಾಣುತ್ತದೆ, ನೀವೇ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಿರಿ. ಕಂಡಕ್ಟರು "ಇಳೀತೀಯೇನಪ್ಪಾ?" ಎಂದರು. ಬೆಳ್ಳೂರು ಕ್ರಾಸಿಗೆ ಎಂದೆ. ಕ್ರಾಸಿನಲ್ಲಿ ಇಳಿದು ಟೀ ಕುಡಿದು ಚನ್ನರಾಯಪಟ್ಟಣದ ಬಸ್ಸು ಹಿಡಿದೆ. ವಾಪಸು ನಿಮ್ಮ ಗೇಟಿನ ಮುಂದೆ ಹಾದುಹೋಗಬಾರದೆಂದು ಕೆ.ಆರ್. ಪೇಟೆಯ ಮೇಲೆ ಸುತ್ತಿಕೊಂಡು ಬಂದೆ.

ಇನ್ನು ನೀವು ಕೇಳಿದ ಪ್ರಶ್ನೆ. ಅದಕ್ಕೊಂದು ಒಳ್ಳೆಯ ಉತ್ತರವಿದೆ. ಕೆಲವು ಕಂಪ್ಯೂಟರುಗಳು ವಾಪಸು ಬಂದ ಕೋಣೆಯನ್ನು ಬೇಗ ಬೇರೆಯವರಿಗೆ ಕೊಡುವುದಿಲ್ಲ. ಹಳೆಯ ಚೀಟಿ ಗೋಡೆಯ ಮೇಲೆ ಹಾಗೇ ಉಳಿದಿರುತ್ತದೆ. ಅಂಥ ಕಡೆ ತಪ್ಪು ಪ್ರೋಗ್ರಾಮೂ ಎಂಟಕ್ಕೆ ಎಂಟು ಸಲ ಓಡಬಹುದು. ಇದು ನಿಜ, ಯಾವ ಪುಸ್ತಕದಲ್ಲಿ ಬೇಕಾದರೂ ನೋಡಬಹುದು. ಮೂರು ದಿನದಿಂದ ಇದನ್ನೇ ಬರೆದು ಕಳಿಸಿಬಿಡೋಣ ಎಂದು ಕೂತಿದ್ದೆ. ನೀವು ನಂಬುತ್ತಿದ್ದಿರಿ. ರಂಜಿತಳಿಗೂ ಹೇಳಿಕೊಡುತ್ತಿದ್ದಿರಿ.

ನಿಮ್ಮ ಪ್ರೋಗ್ರಾಮನ್ನು ನಾನು ಒಂದು ಸಲವೂ ಓಡಿಸಿರಲಿಲ್ಲ, ಮಾವ. ಅಷ್ಟು ಸಾಲು ಟೈಪು ಮಾಡಲು ಬೇಜಾರಾಯಿತು.

ಚೈತನ್ಯ